ನೂರ ಎಪ್ಪತ್ತೆರಡರ ಯಜಮಾನ

ತನ್ನ ರಕ್ತವನ್ನು ತಾನೇ ಹೊಗಳಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಇಡೀ ಬೀದಿಯಲ್ಲಿ ಬೇರೆ ಯಾರೂ ಅದನ್ನು ಹೊಗಳದೆ ಬಾಯಿ ಹೊಲಿದುಕೊಂಡು ಕೂತಿದ್ದರೆ ಒಬ್ಬ ಸ್ವಾಭಿಮಾನಿ ಮನುಷ್ಯ ಏನು ಮಾಡಬೇಕು? ನನ್ನ ಕೊಲೆಸ್ಟ್ರಾಲ್ ನೂರ ಎಪ್ಪತ್ತೆರಡು. ಜಾವಾದ ಕ್ಲಾತೆನ್ ಪಟ್ಟಣದ ನಮ್ಮ ಬೀದಿಯಲ್ಲಿ ಅರವತ್ತು ದಾಟಿದವರು ಮೂವತ್ತೆರಡು ಜನ ಇದ್ದೇವೆ. ಅಷ್ಟು ಜನರಲ್ಲಿ ಇನ್ನೂರರ ಒಳಗೆ ರಕ್ತ ಇಟ್ಟುಕೊಂಡವನು ನಾನೊಬ್ಬನೇ. ಹೀಗಿರುವಾಗ ನಾಲ್ಕು ಜನರ ಕಿವಿಗೆ ಬೀಳುವಂತೆ ಅದನ್ನು ಹೇಳಿದರೆ ಜಂಬ ಎನ್ನಬಾರದು, ಸಮಾಜಸೇವೆ ಎನ್ನಬೇಕು.

ನನ್ನ ಹೆಸರು ದರ್ಸೊನೊ. ಮೂವತ್ತಮೂರು ವರ್ಷ ರೈಲ್ವೆಯಲ್ಲಿ ದುಡಿದವನು, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಕೆಂಪು ಟೋಪಿ ಧರಿಸಿ ಸ್ಟೇಷನ್ ಮಾಸ್ಟರ್ ಪದವಿಯನ್ನು ಅಲಂಕರಿಸಿದವನು. ನಾನು ಹಸಿರು ತೋರಿಸದೆ ಸುರಬಾಯದ ಎಕ್ಸ್‌ಪ್ರೆಸ್ ಕೂಡ ಅಲುಗಾಡುತ್ತಿರಲಿಲ್ಲ. ನಿವೃತ್ತನಾದ ಮಾರನೆಯ ದಿನ ನೋಡುತ್ತೇನೆ, ಮನೆಯಲ್ಲಿ ನನ್ನ ಅಪ್ಪಣೆಗೆ ಕಾಯುವ ವಸ್ತು ಒಂದೂ ಇಲ್ಲ. ಅನ್ನ ನನ್ನನ್ನು ಕೇಳದೆ ಬೇಯುತ್ತಿತ್ತು. ಬೆಕ್ಕು ತನ್ನದೇ ವೇಳಾಪಟ್ಟಿ ಇಟ್ಟುಕೊಂಡು ಓಡಾಡುತ್ತಿತ್ತು. ಹೆಂಡತಿ ವಿನಾರ್ಸಿಯಂತೂ ನಲವತ್ತು ವರ್ಷದಿಂದ ನನ್ನ ಸಿಗ್ನಲ್ ಇಲ್ಲದೆಯೇ ಸಂಸಾರ ಓಡಿಸಿಕೊಂಡು ಬಂದಿದ್ದಳು ಎಂಬ ಕಹಿ ಸತ್ಯ ಆಗ ಗೊತ್ತಾಯಿತು. ಮೂರು ತಿಂಗಳು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ದೂರದಲ್ಲಿ ರೈಲು ಹೋಗುವ ಸದ್ದು ಕೇಳಿದಾಗಲೆಲ್ಲ ಗಡಿಯಾರ ನೋಡಿ ‘ನಾಲ್ಕು ನಿಮಿಷ ತಡ’ ಎಂದು ಗೊಣಗುತ್ತಿದ್ದೆ. ಆ ಗೊಣಗಾಟವನ್ನು ಕೇಳುವುದಕ್ಕೂ ಬೆಕ್ಕು ನಿಲ್ಲುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನನ್ನನ್ನು ಮೇಲೆತ್ತಿದ್ದು ನಮ್ಮ ಬೀದಿಯ ಹಿರಿಯರ ಆರೋಗ್ಯ ದಿನ. ತಿಂಗಳಿಗೊಮ್ಮೆ ಬ್ಯಾಡ್ಮಿಂಟನ್ ಅಂಗಳದಲ್ಲಿ ನಾವೆಲ್ಲ ಸೇರುತ್ತೇವೆ. ಮೊದಲು ಹಾಡು ಹಾಕಿ ಕೈಕಾಲು ಆಡಿಸುವ ವ್ಯಾಯಾಮ, ಆಮೇಲೆ ಹೆಸರುಕಾಳಿನ ಗಂಜಿ, ಕೊನೆಗೆ ರಕ್ತಪರೀಕ್ಷೆ. ಪರೀಕ್ಷೆ ನಡೆಸುವವಳು ಮೂರನೇ ಮನೆಯ ಬು ಯೆಕ್ತಿ. (ನಮ್ಮಲ್ಲಿ ಹಿರಿಯ ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಅನ್ನುವುದು ಮರ್ಯಾದೆ.) ಬೀದಿಯ ಆರೋಗ್ಯ ಸ್ವಯಂಸೇವಕಿ, ನನ್ನ ಹೆಂಡತಿಯ ಪ್ರಾಣಸ್ನೇಹಿತೆ. ಅವಳು ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಇಳಿಸಿ, ಯಂತ್ರದಲ್ಲಿ ಬಂದ ಸಂಖ್ಯೆಯನ್ನು ಅವರವರ ಕಾರ್ಡಿನಲ್ಲಿ ಬರೆದುಕೊಡುತ್ತಾಳೆ.

ಮೊದಲ ಸಲ ಬೆರಳು ಚುಚ್ಚಿಸಿಕೊಂಡಾಗ ನಾನು ಆಕಾಶ ನೋಡುತ್ತಿದ್ದೆ. (ಹೆದರಿಕೆಯಿಂದಲ್ಲ. ಆಕಾಶದಲ್ಲಿ ಮೋಡ ಇತ್ತು.) ಕಾರ್ಡುಗಳೆರಡನ್ನೂ ವಿನಾರ್ಸಿ ಇಸಿದುಕೊಂಡಳು. ನಾನು ಓದುವ ಕನ್ನಡಕ ಹಾಕುವವನಲ್ಲ. ಎರಡು ಕಿಲೋಮೀಟರ್ ಆಚೆಯ ಸಿಗ್ನಲ್ ಕಂಡ ಕಣ್ಣುಗಳು ಇವು, ಅಂಗೈಯಲ್ಲಿರುವ ಅಕ್ಷರ ಕಾಣದಿದ್ದರೆ ತಪ್ಪು ಅಕ್ಷರದ್ದು. ಹಾಗಾಗಿ ನಮ್ಮಲ್ಲಿ ಓದುವ ಕೆಲಸ ಅವಳದು.

“ಎಷ್ಟಿದೆ?” ಅಂದೆ.

ಅವಳು ಒಮ್ಮೆ ಕಾರ್ಡ್ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. “ನಿಮ್ದು ನೂರ ತೊಂಬತ್ತೆಂಟು. ನಂದು ಇನ್ನೂರ ಅರವತ್ತೆಂಟು.”

ಆ ಕ್ಷಣದಲ್ಲಿ ನನ್ನ ತಲೆಯ ಮೇಲೆ ಮತ್ತೆ ಕೆಂಪು ಟೋಪಿ ಬಂದು ಕೂತ ಹಾಗಾಯಿತು. ಇನ್ನೂರು ಎಂಬುದು ಲಕ್ಷ್ಮಣರೇಖೆ ಎಂದು ಬು ಯೆಕ್ತಿ ಮೈಕಿನಲ್ಲಿ ಹೇಳಿದ್ದಳು. ನಾನು ಎರಡೇ ಎರಡು ಅಂಕಿ ಅಂತರದಲ್ಲಿ ಈಚೆ ನಿಂತಿದ್ದೆ. ಸರಿಯಾದ ಸಮಯಕ್ಕೆ, ಸರಿಯಾದ ಪ್ಲಾಟ್‌ಫಾರಂನಲ್ಲಿ. ಪಾಪ, ಹೆಂಡತಿ ಮಾತ್ರ ಹಳಿ ತಪ್ಪಿದ್ದಳು.

ಅವಳನ್ನು ಹಳಿಗೆ ತರುವುದು ಗಂಡನ ಧರ್ಮವಲ್ಲವೇ? ಅಂದಿನಿಂದಲೇ ಶುರು ಮಾಡಿದೆ. ವಿನಾರ್ಸಿಗೆ ಸಂಜೆಯ ಚಹದ ಜೊತೆ ಕರಿದ ತೆಂಪೆ ಇಲ್ಲದಿದ್ದರೆ ಸೂರ್ಯ ಮುಳುಗುವುದಿಲ್ಲ. (ಸೋಯಾಕಾಳನ್ನು ಹುದುಗಿಸಿ ಮಾಡುವ ಬಿಲ್ಲೆ ಅದು. ಹಿಟ್ಟಿನಲ್ಲಿ ಅದ್ದಿ, ಗರಿಗರಿಯಾಗಿ ಎಣ್ಣೆಯಲ್ಲಿ ತೇಲಿಸಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿಂದರೆ, ಬಿಡಿ, ಆ ಮಾತು ಈಗ ಬೇಡ.)

“ಇನ್ನೂರ ಅರವತ್ತೆಂಟು ಇಟ್ಟುಕೊಂಡು ಎಣ್ಣೆಗೆ ಕೈ ಹಾಕ್ತೀಯಲ್ಲ, ನಿನ್ನ ಹೃದಯದ ಮೇಲೆ ನಿನಗೆ ಕನಿಕರ ಇಲ್ವಾ?” ಅಂದೆ.

“ಮೂರೇ ಮೂರು ತುಂಡು ರೀ.”

“ಮೂರು ತುಂಡು ಅಂತ ಬಿಟ್ಟರೆ ಮೂರು ರಕ್ತನಾಳ ಮುಚ್ಚಿಹೋಗ್ತವೆ. ನನ್ನ ನೋಡಿ ಕಲಿ. ನೂರ ತೊಂಬತ್ತೆಂಟು ಸುಮ್ನೆ ಬಂತಾ? ಶಿಸ್ತು. ಮೂವತ್ತಮೂರು ವರ್ಷದ ಶಿಸ್ತು.”

ಅವಳು ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಹೆಂಗಸರು ತಪ್ಪು ಒಪ್ಪಿಕೊಳ್ಳುವ ರೀತಿ ಅದು ಎಂದುಕೊಂಡೆ.

ಹಾಗೆ ತಿಂಗಳುಗಳು ಉರುಳಿದವು. ನನ್ನ ಸಂಖ್ಯೆ ನೂರ ತೊಂಬತ್ತೆಂಟರಿಂದ ನೂರ ಎಂಬತ್ತೊಂಬತ್ತಕ್ಕೆ, ಅಲ್ಲಿಂದ ನೂರ ಎಂಬತ್ತೊಂದಕ್ಕೆ, ಕೊನೆಗೆ ನೂರ ಎಪ್ಪತ್ತೆರಡಕ್ಕೆ ಇಳಿದು ಬಂದಿತು. ಅವಳದು ಅರವತ್ತೆಂಟು, ಅರವತ್ತು, ಐವತ್ತೇಳು ಎಂದು ಇನ್ನೂರರ ಮೇಲೆಯೇ ಮೊಂಡಾಟ ಮಾಡುತ್ತಿತ್ತು. ಬೀದಿಯಲ್ಲಿ ಯಾರು ಸಿಕ್ಕರೂ ನಾನು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೆ, “ನಂದು ನೂರ ಎಪ್ಪತ್ತೆರಡು. ನಮ್ಮ ಮನೆಯವಳದ್ದೇ ಸ್ವಲ್ಪ ಚಿಂತೆ.” ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯಲ್ಲೇ ಇಂಥ ಮಾದರಿ ಪುರುಷ ಇದ್ದರೂ ಅವಳು ಕಲಿಯಲಿಲ್ಲ ಎಂಬುದು ನನ್ನ ಕೊರಗು.

ಜನ ಕೇಳಿ ತಲೆದೂಗುತ್ತಿದ್ದರು. ಎದುರು ಮನೆಯ ಪಾಕ್ ಹಾರ್ದೊಯೊ, ಅಂಚೆ ಇಲಾಖೆಯಿಂದ ನಿವೃತ್ತನಾದವನು, ಇನ್ನೂರ ನಲವತ್ತೊಂದರ ಮನುಷ್ಯ, ಅವನಂತೂ ನನ್ನ ಮಾತು ಮುಗಿಯುವ ತನಕ ಕೈಕಟ್ಟಿ ನಿಂತು “ಹೌದು ಹೌದು, ತುಂಬ ಒಳ್ಳೇದು” ಅನ್ನುತ್ತಿದ್ದ. ನಮ್ಮ ಜಾವಾದ ಜನ ಎಷ್ಟು ಸಭ್ಯರೆಂದರೆ, ಎದುರಿನವನ ಬೆನ್ನಿಗೆ ಬೆಂಕಿ ಹತ್ತಿದ್ದರೂ ‘ತಮಗೆ ಸ್ವಲ್ಪ ಸೆಖೆ ಆಗುತ್ತಿರಬಹುದೇ’ ಎಂದು ಕೇಳುತ್ತಾರೆ. ಅವನು ಹೌದು ಅಂದದ್ದನ್ನು ನಾನು ಹೌದು ಎಂದೇ ತಿಳಿದೆ. ಜಾವಾದಲ್ಲಿ ಹುಟ್ಟಿ ಬೆಳೆದು, ಅರವತ್ತೆರಡು ವರ್ಷ ಇಲ್ಲಿಯ ಅನ್ನ ತಿಂದವನು ಮಾಡಬಾರದ ತಪ್ಪು ಅದು.

ಅಷ್ಟರಲ್ಲಿ ತಾಲ್ಲೂಕಿನಿಂದ ಸುತ್ತೋಲೆ ಬಂತು. ‘ಆರೋಗ್ಯವಂತ ಹಿರಿಯರ ಸ್ಪರ್ಧೆ.’ ಪ್ರತಿ ಬೀದಿಯಿಂದ ಒಬ್ಬರು. ಬೆರಳು ಚುಚ್ಚುವ ಆಟವಲ್ಲ, ತೋಳಿನಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷೆ. ಒಳ್ಳೆಯ ಕೊಲೆಸ್ಟ್ರಾಲ್ ಬೇರೆ, ಕೆಟ್ಟದ್ದು ಬೇರೆ, ಕೊಬ್ಬು ಬೇರೆ, ಉರಿಯೂತದ ಸಂಖ್ಯೆ ಬೇರೆ. ಅದರ ಮೇಲೆ ದೇಹದಾರ್ಢ್ಯ ಪರೀಕ್ಷೆ, ವೇದಿಕೆಯ ಮೇಲೆ ಪ್ರಶ್ನೋತ್ತರ, ಗೆದ್ದವರಿಗೆ ಮೊಣಕಾಲೆತ್ತರದ ಕಪ್. ಬೀದಿಯ ಮುಖಂಡ ಪಾಕ್ ಮರ್ವೊತೊ ಸಭೆ ಕರೆದು, “ನಮ್ಮ ಕಡೆಯಿಂದ ಯಾರನ್ನ ಕಳಿಸೋಣ?” ಎಂದು ಕೇಳಿದರು.

ಸಭೆ ಸುಮ್ಮನಿತ್ತು. ನನ್ನ ಹೆಸರು ಹೇಳಲು ಎಲ್ಲರಿಗೂ ನಾಚಿಕೆ ಎಂದು ನನಗೆ ಅರ್ಥವಾಯಿತು. ಎದ್ದು ನಿಂತೆ. “ಬೀದಿಯ ಮಾನ ಕಾಪಾಡೋ ಹೊಣೆ ನಾನು ಹೊರ್ತೀನಿ,” ಅಂದೆ.

ಮರ್ವೊತೊ ಅವರು ಬು ಯೆಕ್ತಿಯ ಕಡೆ ನೋಡಿದರು. ಬು ಯೆಕ್ತಿ ಚಾಪೆಯ ಕಡೆ ನೋಡಿದಳು. ಹಾರ್ದೊಯೊ ಕೆಮ್ಮಿದ. “ಎಲ್ಲರಿಗೂ ಒಪ್ಪಿಗೆಯಾ?” ಅಂದರು ಮರ್ವೊತೊ. “ಹೌದು... ಹೌದು...” ಎಂದು ಮೂವತ್ತು ಬಾಯಿಗಳು ಒಂದಾದ ಮೇಲೊಂದು ನಿಧಾನವಾಗಿ ಅಂದವು. ಸರ್ವಾನುಮತ ಎಂದರೆ ಇದು ಎಂದು ನನ್ನ ಎದೆ ಉಬ್ಬಿತು.

ಮನೆಗೆ ಬಂದರೆ ವಿನಾರ್ಸಿ ಅಡುಗೆಮನೆಯ ಬಾಗಿಲಲ್ಲಿ ದಾರಿ ಕಾಯುತ್ತಿದ್ದಳು.

“ಈ ಸ್ಪರ್ಧೆ ಗಿರ್ಧೆ ಎಲ್ಲಾ ಬೇಡ ರೀ. ಹಾರ್ದೊಯೊ ಹೋಗ್ಲಿ.”

“ಇನ್ನೂರ ನಲವತ್ತೊಂದನ್ನ ಕಳಿಸಿ ಮಾನ ಕಳ್ಕೊಳ್ಳೋದಾ?”

“ತೋಳಿಂದ ಸಿರಿಂಜ್ ತುಂಬಾ ರಕ್ತ ತೆಗೀತಾರಂತೆ. ನಿಮಗೆ ಒಂದು ಹನಿ ನೋಡಿದರೇನೇ ಮೋಡ ಕಾಣ್ಸುತ್ತೆ.”

“ವಿನಾರ್, ನೇರವಾಗಿ ಹೇಳು. ನಿನಗೆ ಹೊಟ್ಟೆಕಿಚ್ಚು ತಾನೆ?”

ಅವಳು ಸೌಟು ಹಿಡಿದ ಕೈಯಿಂದ ಹಣೆ ಒತ್ತಿಕೊಂಡಳು. “ಹೌದು. ಹೊಟ್ಟೆಕಿಚ್ಚೇ ಅಂದುಕೊಳ್ಳಿ. ಅದಕ್ಕೋಸ್ಕರಾನಾದ್ರೂ ಬಿಟ್ಬಿಡಿ.”

ಬಿಡುತ್ತೇನೆಯೇ? ಸ್ಪರ್ಧೆಗೆ ಮೂರು ದಿನ ಉಳಿದಿತ್ತು. ರಕ್ತದ ವಿಷಯದಲ್ಲಿ ನನಗೆ ಚಿಂತೆ ಇರಲಿಲ್ಲ. ದೇಹದಾರ್ಢ್ಯಕ್ಕೆ ಮಾತ್ರ ಸ್ವಲ್ಪ ಮಸೆತ ಬೇಕು ಎಂದುಕೊಂಡು, ಬೆಳಿಗ್ಗೆ ಹಿತ್ತಲಲ್ಲಿ ಚಾಪೆ ಹಾಸಿ ಅರವತ್ತು ದಂಡ, ನೂರ ಇಪ್ಪತ್ತು ಬಸ್ಕಿ ಹೊಡೆದೆ. ರೈಲ್ವೆ ತರಬೇತಿಯಲ್ಲಿ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಹೊಡೆದ ಲೆಕ್ಕ ಅದು. ಮಾರನೆಯ ದಿನವೂ ಅಷ್ಟೇ. ಎರಡನೆಯ ದಿನ ಸಂಜೆ ಚಹದ ಲೋಟ ಎತ್ತಲು ಹೋದರೆ ಕೈ ಮೇಲೆ ಬರಲಿಲ್ಲ. ಎದೆಯ ಎಡಗಡೆ ಹಿಡಿದುಕೊಂಡಿತ್ತು, ಬಲಗಡೆ ಹಿಡಿದುಕೊಂಡಿತ್ತು, ತೊಡೆಗಳು ನನ್ನವೇ ಅಲ್ಲ ಅನ್ನಿಸುತ್ತಿತ್ತು. ದಂಡ ಹೊಡೆದ ವಿಷಯ ಹೆಂಡತಿಗೆ ಹೇಳಿದರೆ ಬೈಗುಳ ಖಂಡಿತ. ಹಾಗಾಗಿ, “ಯಾಕೋ ಎದೆ ಹಿಡ್ಕೊಂಡಿದೆ” ಎಂದಷ್ಟೇ ಅಂದೆ.

ನಮ್ಮಲ್ಲಿ ಎದೆ ಹಿಡಿದುಕೊಂಡರೆ ಕಾರಣ ಒಂದೇ. ಮೈಯೊಳಗೆ ಗಾಳಿ ಹೊಕ್ಕಿದೆ. ಅದಕ್ಕೆ ಮದ್ದೂ ಒಂದೇ. ಅಂಗಿ ಬಿಚ್ಚಿಸಿ ಬೋರಲು ಮಲಗಿಸಿ, ಬೆನ್ನಿಗೆ ಮುಲಾಮು ಹಚ್ಚಿ, ಹಳೆಯ ತಾಮ್ರದ ನಾಣ್ಯದಿಂದ ಗೀರುವುದು. ಗೆರೆ ಕೆಂಪಾದಷ್ಟೂ ಒಳಗೆ ಗಾಳಿ ಜಾಸ್ತಿ ಇತ್ತೆಂದು ಲೆಕ್ಕ. ವಿನಾರ್ಸಿಯ ಕೈ ಬಲವಾದದ್ದು. ಅವತ್ತು ಅವಳ ಮನಸ್ಸಿನಲ್ಲಿ ಏನೇನಿತ್ತೋ, ಕುತ್ತಿಗೆಯಿಂದ ಸೊಂಟದ ತನಕ ಮೀನಿನ ಮುಳ್ಳಿನ ಆಕಾರದಲ್ಲಿ ಗೀರಿಯೇ ಗೀರಿದಳು. “ಅಬ್ಬಾ, ಎಷ್ಟು ಗಾಳಿ ತುಂಬ್ಕೊಂಡಿದೀರಿ ನೀವು,” ಅಂದಳು. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸ್ಪರ್ಧಿಗಳ ರಕ್ತ ತೆಗೆಯುತ್ತಿದ್ದರು. ನರ್ಸ್ “ಕೈ ಚಾಚಿ” ಅಂದಳು. ಚಾಚಿದೆ, ಅಂದರೆ ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟೆ. “ಯಾಕೆ, ಏನಾಗಿದೆ?” “ಏನಿಲ್ಲಮ್ಮ, ನಿನ್ನೆ ಸಂಜೆಯಿಂದ ಎದೆ ಸ್ವಲ್ಪ ಹಿಡ್ಕೊಂಡಿದೆ. ತೋಳಿಗೂ ಇಳಿದಿದೆ.” ಅಷ್ಟೇ ನಾನು ಹೇಳಿದ್ದು. ಆ ಮಾತಿಗೆ ಅಷ್ಟು ಶಕ್ತಿ ಇದೆ ಎಂದು ತಿಳಿದಿರಲಿಲ್ಲ. ಹತ್ತು ನಿಮಿಷದಲ್ಲಿ ನಾನು ಆಂಬುಲೆನ್ಸಿನಲ್ಲಿ ಅಂಗಾತ ಮಲಗಿದ್ದೆ. ಎದುರಿಗೆ ಬಂದ ವಾಹನಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. (ಸುಳ್ಳೇಕೆ ಹೇಳಲಿ, ನಿವೃತ್ತಿಯಾದ ಮೇಲೆ ಅಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು.) ಪಕ್ಕದಲ್ಲಿ, ಆರೋಗ್ಯ ಕೇಂದ್ರಕ್ಕೆ ಜೊತೆಗೆ ಬಂದಿದ್ದ ವಿನಾರ್ಸಿ ನನ್ನ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರ್ ಗಿಲಾಂಗ್ ನನ್ನ ಮೊಮ್ಮಗನ ಹಾಗಿದ್ದ ಹುಡುಗ. ಎದೆಗೆ ತಂತಿ ಅಂಟಿಸಲು ಅಂಗಿ ತೆಗೆಸಿದವನು ನನ್ನ ಬೆನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಪಾಕ್, ಇದು ಯಾರು ಮಾಡಿದ್ದು?”

“ನಾನೇ,” ಅಂದಳು ವಿನಾರ್ಸಿ.

“ಎದೆನೋವಿಗೆ ಬೆನ್ನು ಕೆರೆದರೆ ಹೋಗುತ್ತಾ, ಅಮ್ಮ?”

“ನಿಮ್ಮ ತಾಯಿ ನಿಮಗೆ ಕೆರೀತಿರ್ಲಿಲ್ವಾ?”

ಡಾಕ್ಟರ್ ತಂತಿ ಅಂಟಿಸುವುದರಲ್ಲಿ ಮುಳುಗಿದ. ಕೆರೆದಿರಬೇಕು. ಇಸಿಜಿ ಪಟ್ಟಿ ಚೆನ್ನಾಗಿಯೇ ಬಂತು. ರಕ್ತ ತೆಗೆದರು, ಮುಕ್ಕಾಲು ಗಂಟೆಯಲ್ಲಿ ಚೀಟಿ ಬಂತು. ಡಾಕ್ಟರ್ ಹುಬ್ಬು ಗಂಟಿಕ್ಕಿ ಓದಿದ. ಸ್ನಾಯುಗಳಿಗೆ ಪೆಟ್ಟಾದರೆ ರಕ್ತಕ್ಕೆ ಇಳಿಯುವ ಒಂದು ಕಿಣ್ವ ಇದೆಯಂತೆ. ಇನ್ನೂರರ ಒಳಗೆ ಇರಬೇಕಾದದ್ದು ನನಗೆ ನಾಲ್ಕು ಸಾವಿರದ ಮುನ್ನೂರು ಇತ್ತು. ಇನ್ನೊಂದು, ಹೃದಯಕ್ಕೇ ಪೆಟ್ಟಾದರೆ ಸೋರುವ ಪದಾರ್ಥ, ಟ್ರೊಪೊನಿನ್ ಅಂತ ಹೆಸರು. ಅದು ಸರಿಯಾಗಿ ಗೆರೆಯ ಮೇಲೆ ನಿಂತಿತ್ತು.

“ಒಂದೇ ಸಲ ನೋಡಿ ಹೇಳೋಕಾಗಲ್ಲ,” ಅಂದ ಡಾಕ್ಟರ್. “ಮೂರು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೀತೀವಿ. ಟ್ರೊಪೊನಿನ್ ಅಷ್ಟೇ ಇದ್ದರೆ ಭಯ ಇಲ್ಲ. ಏರಿದ್ದರೆ, ಹೃದಯಾಘಾತ ಆಗಿದೆ ಅಂತ ಅರ್ಥ. ಅಲ್ಲೀವರೆಗೂ ಅಲ್ಲಾಡದೆ ಮಲಗಿರಿ.”

ಮೂರು ಗಂಟೆ. ರೈಲು ಮೂರು ಗಂಟೆ ತಡವಾದರೆ ಪ್ರಯಾಣಿಕರು ಯಾಕೆ ಅಷ್ಟು ಕೂಗಾಡುತ್ತಿದ್ದರು ಎಂದು ಜೀವಮಾನದಲ್ಲಿ ಮೊದಲ ಬಾರಿಗೆ ಅರ್ಥವಾಯಿತು. ನನ್ನ ಹೆಮ್ಮೆಯ ರಕ್ತ, ನೂರ ಎಪ್ಪತ್ತೆರಡರ ರಕ್ತ, ಹೀಗೆ ಕೈಕೊಡಬಹುದೇ? ದಂಡ ಹೊಡೆದದ್ದನ್ನು ಹೇಳಿಬಿಡೋಣ ಎಂದುಕೊಂಡೆ. ಆದರೆ ಡಾಕ್ಟರ್ ಬಾಯಲ್ಲಿ ಹೃದಯ ಎಂಬ ಮಾತು ಬಂದ ಮೇಲೆ ಹಿತ್ತಲ ಚಾಪೆಯ ನೆನಪು ತೀರ ಸಣ್ಣದಾಗಿ ಕಂಡಿತು. ಸಾಯುತ್ತಿದ್ದೇನೆ ಎಂದು ಗಟ್ಟಿಯಾಗಿ ನಂಬಿದೆ. ಭಯವಾಯಿತು, ತುಂಬ ಭಯವಾಯಿತು.

ನಮ್ಮ ಪದ್ಧತಿ ಗೊತ್ತಲ್ಲ, ಹೋಗುವ ಮೊದಲು ಮನಸ್ಸಿನೊಳಗಿನ ತಪ್ಪು, ಹೊರಗೆ ಮಾಡಿದ ತಪ್ಪು ಎಲ್ಲಕ್ಕೂ ಕ್ಷಮೆ ಕೇಳಬೇಕು. ಹೆಂಡತಿಯ ಕೈ ಹಿಡಿದುಕೊಂಡೆ.

“ವಿನಾರ್, ನಿನ್ನ ಹತ್ರ ಒಂದು ಮುಚ್ಚಿಟ್ಟಿದೀನಿ.”

“ಮಾತಾಡ್ಬೇಡಿ, ಮಲ್ಕೊಳ್ಳಿ.”

“ಪ್ರತಿ ಶುಕ್ರವಾರ ಮಸೀದಿ ಮುಗಿಸ್ಕೊಂಡು ಪಿಂಚಣಿದಾರರ ಸಂಘಕ್ಕೆ ಹೋಗ್ತೀನಿ ಅಂತಿದ್ನಲ್ಲ. ಸಂಘ ಇಲ್ಲ. ಹೋಗ್ತಿದ್ದದ್ದು ಮೇಕೆ ಸಾರಿನ ಅಂಗಡಿಗೆ.”

“ಗೊತ್ತು.”

“ಬರೀ ಸಾರಲ್ಲ. ಮಿದುಳು, ಕರುಳು, ಕೊಬ್ಬಿನಲ್ಲಿ ಸುತ್ತಿ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ.”

“ನಿಮ್ಮ ಅಂಗಿ ಒಗೆಯೋಳು ನಾನೇ ರೀ. ಸಂಘ ಹಾಗೆ ವಾಸನೆ ಬರುತ್ತಾ?” ಅವಳು ನನ್ನ ಹೊದಿಕೆ ಸರಿಮಾಡಿದಳು. “ಅದೆಲ್ಲ ಇರ್ಲಿ. ನೀವು ಏನೂ ಆಗದೆ ಎದ್ದು ಬನ್ನಿ. ನಿಮಗೆ ಬೈಯೋದು ಬಹಳ ಬಾಕಿ ಇದೆ.”

ನಲವತ್ತು ವರ್ಷದಲ್ಲಿ ಅವಳು ನನ್ನೊಂದಿಗೆ ಅಷ್ಟು ಪ್ರೀತಿಯಿಂದ ಮಾತಾಡಿದ್ದು ಕಡಿಮೆ. ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬೀದಿ ಬಂತು. ನಮ್ಮಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಒಬ್ಬಿಬ್ಬರು ನೋಡಲು ಬರುವುದಿಲ್ಲ, ಮಿನಿಬಸ್ ಮಾಡಿಕೊಂಡು ಎಲ್ಲರೂ ಬರುತ್ತಾರೆ. ಹದಿನೇಳು ಜನ, ಆರು ಡಬ್ಬಿ ಬಿಸ್ಕತ್ತು, ಎರಡು ಬುಟ್ಟಿ ಕಿತ್ತಳೆ. ಇಬ್ಬರಿಗಿಂತ ಹೆಚ್ಚು ಬಿಡುವುದಿಲ್ಲ ಎಂದು ಕಾವಲುಗಾರ ಹೇಳಿದನಂತೆ. ಮರ್ವೊತೊ ಅವರು ವಿನಯದಿಂದ ಹೌದು ಹೌದು ಎಂದು ಹದಿನೇಳು ಜನರನ್ನೂ ಒಳಗೆ ಕರೆತಂದರು. ಮಂಚದ ಸುತ್ತ ನಿಂತು ಎಲ್ಲರೂ ಮೆಲುದನಿಯಲ್ಲಿ ಮಾತಾಡಿದರು. ಹಾರ್ದೊಯೊ ನನ್ನ ಪಾದ ಒತ್ತುತ್ತಿದ್ದ. ಪಾಪದವನು, ಇನ್ನೂರ ನಲವತ್ತೊಂದಾದರೂ ಒಳ್ಳೆಯವನು ಅನ್ನಿಸಿತು.

ಎರಡನೆಯ ಸಲ ರಕ್ತ ತೆಗೆದುಕೊಂಡು ಹೋದ ಡಾಕ್ಟರ್ ಚೀಟಿ ಹಿಡಿದು ಬಂದ. “ಸ್ವಲ್ಪ ಹೊರಗಿರ್ತೀರಾ?” ಅಂದ. ಯಾರೂ ಹೊರಗೆ ಹೋಗಲಿಲ್ಲ, ಸಭ್ಯತೆಗಾಗಿ ಗೋಡೆಯ ಕಡೆ ತಿರುಗಿ ನಿಂತರು. ವಿನಾರ್ಸಿ ನನ್ನ ಬೆರಳುಗಳನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಟ್ರೊಪೊನಿನ್ ಏರಿಲ್ಲ,” ಅಂದ ಡಾಕ್ಟರ್. “ಹೃದಯಕ್ಕೆ ಏನೂ ಆಗಿಲ್ಲ.”

ಗೋಡೆಯ ಕಡೆಯಿಂದ ಹದಿನೇಳು ಉಸಿರು ಒಟ್ಟಿಗೆ ಹೊರಬಿತ್ತು. ನಾನು ಎದ್ದು ಕೂತೆ. “ಗೊತ್ತಿತ್ತು ನನಗೆ. ನನ್ನ ರಕ್ತ ಎಂಥದ್ದು ಅಂತ ಈ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ, ಡಾಕ್ಟ್ರೇ.”

“ಪೆಟ್ಟಾಗಿರೋದು ಎದೆ, ತೋಳು, ತೊಡೆ ಸ್ನಾಯುಗಳಿಗೆ. ಭಾರ ಏನಾದ್ರೂ ಎತ್ತಿದ್ರಾ?”

“ದಂಡ,” ಅಂದೆ. “ಅರವತ್ತು. ಬಸ್ಕಿ ನೂರ ಇಪ್ಪತ್ತು. ಎರಡು ದಿನ.” ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳಿದೆ. ವಿನಾರ್ಸಿ ನನ್ನ ಕೈ ಬಿಟ್ಟಳು.

“ಈ ವಯಸ್ಸಲ್ಲಾ? ಸರಿ. ಆದರೂ ನಾಲ್ಕು ಸಾವಿರ ಜಾಸ್ತಿಯಾಯ್ತು. ಕೊಲೆಸ್ಟ್ರಾಲ್ ಮಾತ್ರೆ ತಗೋತಿದೀರಾ? ಆ ಮಾತ್ರೆ ತಗೊಂಡು ಒಮ್ಮೆಲೇ ಇಷ್ಟು ಕಸರತ್ತು ಮಾಡಿದರೆ ಹೀಗಾಗೋದುಂಟು.”

ನನಗೆ ನಗು ಬಂತು. “ನನಗ್ಯಾಕೆ ಮಾತ್ರೆ? ರಾತ್ರಿ ಹೊತ್ತು ಕಣ್ಣಿಗೆ ಅಂತ ಒಂದು ವಿಟಮಿನ್ ತಗೋತೀನಿ, ಅಷ್ಟೇ. ನಂದು ನೂರ ಎಪ್ಪತ್ತೆರಡು.”

ಡಾಕ್ಟರ್ ಚೀಟಿ ನೋಡಿದ. “ಇಲ್ಲಿ ಇನ್ನೂರ ಐವತ್ತೊಂದು ಇದೆ.”

“ಅದಲು ಬದಲಾಗಿದೆ. ಅದು ಬೇರೆ ಯಾರದೋ ರಕ್ತ.”

ವಿನಾರ್ಸಿ ತುಂಬ ಮೆಲ್ಲಗೆ ಅಂದಳು, “ಇಲ್ಲ ಡಾಕ್ಟ್ರೇ, ಇವರದೇ. ನೂರ ಎಪ್ಪತ್ತೆರಡು ನಂದು.”

ನಾನು ಅವಳನ್ನು ನೋಡಿದೆ. ಅವಳು ಡಾಕ್ಟರನ್ನೇ ನೋಡುತ್ತ ಹೇಳಿದಳು, “ಹನ್ನೊಂದು ತಿಂಗಳಿಂದ ಮಾತ್ರೆ ಕೊಡ್ತಿದೀನಿ. ಆರೋಗ್ಯ ಕೇಂದ್ರದ ಡಾಕ್ಟ್ರಮ್ಮ ಇವರನ್ನ ಎದುರಿಗೇ ಕೂರಿಸ್ಕೊಂಡು, ನಿಮಗೆ ಕೊಲೆಸ್ಟ್ರಾಲ್ ಜಾಸ್ತಿ, ಇದನ್ನ ರಾತ್ರಿ ತಗೊಳ್ಳಿ ಅಂತ ಹೇಳಿದ್ರು. ಇವರು ಆಗ ಸುರಬಾಯದ ಎಕ್ಸ್‌ಪ್ರೆಸ್ ಯಾಕೆ ತಡ ಆಗುತ್ತೆ ಅಂತ ಅವರಿಗೆ ವಿವರಿಸ್ತಿದ್ರು, ಕೇಳಿಸ್ಕೊಳ್ಳಲಿಲ್ಲ. ಮನೇಗೆ ಬಂದು ಏನು ಮಾತ್ರೆ ಅಂದ್ರು. ಕಣ್ಣಿಗೆ ಅಂದೆ.”

ನಾನು ಬೀದಿಯ ಕಡೆ ತಿರುಗಿದೆ. ಬೀದಿ ಗೋಡೆಯನ್ನು ಅಧ್ಯಯನ ಮಾಡುತ್ತಿತ್ತು. ಬು ಯೆಕ್ತಿ ಕಿತ್ತಳೆ ಸುಲಿಯುತ್ತಿದ್ದಳು.

“ಯೆಕ್ತಿ, ನಿನಗೆ ಗೊತ್ತಿತ್ತಾ?”

“ಕಾರ್ಡ್ ಬರೆಯೋಳು ನಾನಲ್ವಾ ಪಾಕ್,” ಅಂದಳು ಕಿತ್ತಳೆಗೆ.

“ಹಾರ್ದೊಯೊ?”

“ಹೌದು ಹೌದು,” ಅಂದ ಹಾರ್ದೊಯೊ. ಅವನ ಎರಡು ಹೌದುಗಳ ನಡುವಿನ ಅಂತರ ಆಗ ನನಗೆ ಸ್ಪಷ್ಟವಾಗಿ ಕೇಳಿಸಿತು. ಮೂವತ್ತೆರಡು ಜನ ಹಿರಿಯರಿಗೆ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ವರ್ಷವಿಡೀ ನಾನು ಹೆಂಡತಿಯ ರಕ್ತವನ್ನು ನನ್ನದೆಂದು ಹೇಳಿಕೊಂಡು ಊರೆಲ್ಲ ಮೆರೆದಿದ್ದೆ. ಸಾಲದ್ದಕ್ಕೆ ನನ್ನ ರಕ್ತಕ್ಕಾಗಿ ಅವಳನ್ನು ಬೈದಿದ್ದೆ. ಮಾನವಂತರು, ಒಬ್ಬ ಮುದುಕನ ಮುಖ ಕೆಡಬಾರದೆಂದು ಎಲ್ಲರೂ ಸುಮ್ಮನಿದ್ದರು.

ನಮ್ಮವರು ಡಬ್ಬಿ ಬುಟ್ಟಿ ಬಿಟ್ಟು, ಮಿನಿಬಸ್ಸಿನ ಚಕ್ರದ ಗಾಳಿ ನೋಡಬೇಕೆಂಬ ನೆಪ ಹೇಳಿ ಒಬ್ಬೊಬ್ಬರಾಗಿ ಹೊರಗೆ ಹೋದರು. ನಾನು ಕೇಳಿದೆ, “ಯಾಕೆ ವಿನಾರ್? ಮೊದಲನೇ ದಿನವೇ ನಿಜ ಹೇಳಬಾರದಾಗಿತ್ತಾ?”

ಅವಳು ನನ್ನ ಅಂಗಿಯ ಗುಂಡಿ ಹಾಕುತ್ತ ಅಂದಳು, “ಹೇಳೋಣ ಅಂತಾನೇ ಬಾಯಿ ತೆಗೆದೆ. ಎಷ್ಟಿದೆ ಅಂತ ಕೇಳಿದಾಗ ನಿಮ್ಮ ಮುಖ ಹೇಗಿತ್ತು ಗೊತ್ತಾ? ಮೂರು ತಿಂಗಳಿಂದ ಆ ಕುರ್ಚೀಲಿ ಕೂತು ಕೂತು ಬಾಡಿಹೋಗಿದ್ರಿ. ಅನ್ನ ಸರಿಯಾಗಿ ತಿಂತಿರ್ಲಿಲ್ಲ, ನನ್ನ ಹತ್ರ ಜಗಳಾನೂ ಆಡ್ತಿರ್ಲಿಲ್ಲ. ನನಗೆ ಹೆದರಿಕೆ ಆಗಿತ್ತು. ಒಂದು ಸಂಖ್ಯೆ ತಾನೆ, ಈ ತಿಂಗಳು ಇಟ್ಕೊಳ್ಳಲಿ, ಮುಂದಿನ ತಿಂಗಳು ವಾಪಸ್ ತಗೊಂಡರಾಯ್ತು ಅಂದ್ಕೊಂಡೆ. ನೀವು ಮಾರನೇ ದಿನವೇ ಮೀಸೆ ಕತ್ತರಿಸ್ಕೊಂಡು, ಅಂಗಿ ಇಸ್ತ್ರಿ ಹಾಕಿಸ್ಕೊಂಡು ಬೀದಿಗೆ ಹೊರಟ್ರಿ. ಆಮೇಲೆ ಹೇಗೆ ಕಿತ್ಕೊಳ್ಳೋದು?”

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಿಮಗೆ ವಿಚಿತ್ರ ಅನ್ನಿಸಬಹುದು, ಹೆಮ್ಮೆಯಾಯಿತು. ಇಂಥ ಹೃದಯ ಇಟ್ಟುಕೊಂಡ ಹೆಂಗಸು ನನ್ನ ಮನೆಯಲ್ಲಿದ್ದಾಳೆ, ಅದಕ್ಕೆ ಪ್ರಯೋಗಾಲಯದ ಪುರಾವೆಯೂ ಇದೆ. ಡಾಕ್ಟರ್ ವಾಪಸ್ ಬಂದು, ಎರಡು ವಾರ ದಂಡ ಬೇಡ, ಮಾತ್ರೆ ಸದ್ಯಕ್ಕೆ ನಿಲ್ಲಿಸಿ ಎಂದು ಹೇಳಿ, “ಆ ಮಾತ್ರೆಗೆ ನಿಮ್ಮ ಸಂಖ್ಯೆ ಇನ್ನೂ ಚೆನ್ನಾಗಿ ಇಳೀಬೇಕಿತ್ತಲ್ಲ, ಶುಕ್ರವಾರ ಬಿಟ್ಟು ಬೇರೆ ದಿನ ಏನು ತಿಂತೀರಿ?” ಅಂದ. ನಾನು ಕಿಟಕಿಯಾಚೆ ಮೋಡ ನೋಡಿದೆ.

ಆ ಸಂಜೆಯೇ ಮರ್ವೊತೊ ಅವರ ಮನೆಗೆ ಕುಂಟುತ್ತ ಹೋಗಿ, ಸ್ಪರ್ಧಿಯ ಹೆಸರಿನ ಜಾಗದಲ್ಲಿ ನನ್ನದನ್ನು ಹೊಡೆದು ಅವಳದನ್ನು ಬರೆಸಿದೆ. ವಿನಾರ್ಸಿ ಬೇಡವೇ ಬೇಡ ಎಂದಳು. “ಮಾತಾಡಬೇಡ. ಬೀದಿಯ ಮಾನದ ಪ್ರಶ್ನೆ,” ಅಂದೆ. ಅವಳ ರಕ್ತ ಪರೀಕ್ಷೆಯಾಗಿ ಬಂದಾಗ ಒಟ್ಟು ನೂರ ಅರವತ್ತೊಂಬತ್ತು, ಒಳ್ಳೆಯದು ಎತ್ತರದಲ್ಲಿ, ಕೆಟ್ಟದ್ದು ಪಾತಾಳದಲ್ಲಿ, ಉರಿಯೂತ ಹುಡುಕಿದರೂ ಇಲ್ಲ. ತಾಲ್ಲೂಕಿನ ಹನ್ನೆರಡು ಸ್ಪರ್ಧಿಗಳಲ್ಲಿ ಅವಳಿಗೇ ಮೊದಲ ಸ್ಥಾನ. ಸಭಾಂಗಣದಲ್ಲಿ ನಾನು ಮುಂದಿನ ಸಾಲಿನಲ್ಲಿ ಅವಳ ಕೈಚೀಲ ಹಿಡಿದು ಕೂತು, ಅಕ್ಕಪಕ್ಕದವರಿಗೆಲ್ಲ “ನೂರ ಅರವತ್ತೊಂಬತ್ತು, ನಮ್ಮ ಮನೆಯವಳು” ಎಂದು ತಿಳಿಸುತ್ತಿದ್ದೆ. ಇಷ್ಟು ವರ್ಷದಲ್ಲಿ ನಾನು ಹೇಳಿದ ಸಂಖ್ಯೆಗಳಲ್ಲಿ ಅದರಷ್ಟು ಖುಷಿ ಕೊಟ್ಟದ್ದು ಬೇರೊಂದಿಲ್ಲ.

ಕಪ್ ಕೊಟ್ಟ ಮೇಲೆ ನಿರೂಪಕಿ ಮೈಕ್ ಚಾಚಿ, “ಬು ವಿನಾರ್ಸಿ, ಈ ವಯಸ್ಸಿನಲ್ಲಿ ಇಂಥ ಹೃದಯ. ಗುಟ್ಟೇನು ಹೇಳಿ,” ಅಂದಳು.

ನನ್ನ ಹೆಂಡತಿ ಕಪ್ಪನ್ನು ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಯಿಸಿಕೊಂಡಳು. “ನಂದೇನೂ ಇಲ್ಲ. ಎಲ್ಲಾ ನಮ್ಮ ಯಜಮಾನರ ದಯೆ. ಒಂದು ವರ್ಷ ನನ್ನ ತಟ್ಟೇಲಿ ಕರಿದದ್ದು ಅನ್ನೋದು ಒಂದು ಚೂರೂ ಉಳಿಯೋಕೆ ಬಿಡಲಿಲ್ಲ ಅವರು.”

ಸಭಾಂಗಣವಿಡೀ ಚಪ್ಪಾಳೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಕೈಚೀಲವನ್ನು ಎದೆಗೊತ್ತಿಕೊಂಡು, ನಾಲ್ಕೂ ದಿಕ್ಕಿಗೆ ತಲೆಬಾಗಿ ವಂದಿಸತೊಡಗಿದೆ. ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಅವಳು ತಾಳ್ಮೆಯಿಂದ ಕಾದಳು.

“ಎಲ್ಲಾ ಅವರೇ ತಿಂದ್ರು,” ಅಂದಳು.

ನಾನು ಆಗ ಇನ್ನೂ ಮೂರನೇ ದಿಕ್ಕಿಗೆ ಬಾಗಿದ್ದೆ.